ಹವಳದ ಜೊತೆ ಬಂದಿರುವ ಈ ಜೀವಿಗಳು ಯಾವುವು? ಟ್ಯಾಂಕಿಗೆ ಔಷಧಿ ಹಾಕಲೇ?

ಡಲ್ಲಾಸ್‌ನಲ್ಲಿರುವ ನಿಮ್ಮ ಹೊಸ ರೀಫ್ ಟ್ಯಾಂಕಿಗೆ (ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ) ಜೋವಾ ಎಂಬ ಮೆತ್ತನೆಯ ಹವಳ ಮತ್ತು ಮಾಂಟಿಪೋರಾ ಎಂಬ ಕಲ್ಲುಹವಳದ ತುಂಡುಗಳನ್ನು ತಂದಿದ್ದೀರಿ. ಅವುಗಳ ಮೇಲೆ ಕಂದು ಬಣ್ಣದ ಪುಟ್ಟ ಹೂವಿನಂಥದ್ದು, ಬಿಳಿ ಸುರುಳಿಗಳು, ಒಂದು ಚಿಕ್ಕ ನಕ್ಷತ್ರಮೀನು, ರಾತ್ರಿ ಹೊರಬರುವ ಕೂದಲಿನ ಹುಳು ಕಂಡಿವೆ. ಎಲ್ಲಕ್ಕೂ ಸೇರಿಸಿ ಒಂದೇ ಔಷಧಿ ಹಾಕಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಟ್ಯಾಂಕಿಗೆ ಈಗ ಏನೂ ಹಾಕಬೇಡಿ. ಸಣ್ಣ ಜೀವಿಗಳೆಲ್ಲ ಒಟ್ಟಿಗೆ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಅದರ ಹೊಡೆತ ಮೀನು, ಹವಳ ಎರಡಕ್ಕೂ ಬೀಳುತ್ತದೆ.

ನೀವು ಹೇಳಿದವುಗಳಲ್ಲಿ ನನಗೆ ಯೋಚನೆಯಾಗಿರುವುದು ಆ ಕಂದು ಹೂವಿನದು. ಉದ್ದ ಕಾಂಡ, ಗಾಜಿನಂಥ ಮೈ, ತಾಕಿಸಿದರೆ ತಟಕ್ಕನೆ ಸಂದಿಯೊಳಗೆ ಎಳೆದುಕೊಳ್ಳುತ್ತದೆ ಅಂದರೆ ಅದು ಐಪ್ಟೇಸಿಯಾ ಎಂಬ ಕಡಲ ಹೂ (ಸೀ ಅನೆಮೊನಿ). ಪಕ್ಕದ ಹವಳವನ್ನು ಕುಟುಕುತ್ತದೆ. ಕೀಳಲು ಹೋಗಬೇಡಿ, ಬುಡದ ಒಂದು ಚೂರು ಉಳಿದರೂ ಅಲ್ಲಿಂದ ಹೊಸದು ಬೆಳೆಯುತ್ತದೆ. ಒಂದೆರಡೇ ಇದ್ದರೆ ಪಂಪ್ ನಿಲ್ಲಿಸಿ, ಕಾಲ್ಕ್‌ವಾಸರ್ ಪುಡಿಯ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್) ಪೇಸ್ಟನ್ನು ಸಿರಿಂಜಿನಲ್ಲಿ ಅದರ ಬಾಯಿಗೇ ಬಿಡಿ. ಜಾಸ್ತಿ ಇದ್ದರೆ ಪೆಪ್ಪರ್‌ಮಿಂಟ್ ಸೀಗಡಿ ತನ್ನಿ. ಇನ್ನೂ ಒಳ್ಳೆಯದು ಬರ್ಗಿಯಾ ಅನ್ನೋ ನ್ಯೂಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. ಅದು ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಉಪವಾಸ ಕೆಡವದೆ ಬೇರೆ ಹವ್ಯಾಸಿಗಳಿಗೆ ಕೊಟ್ಟುಬಿಡಿ.

ಬಿಳಿ ಸುರುಳಿಗಳು ಸ್ಪೈರಾರ್ಬಿಡ್ ಹುಳುಗಳು. ನೀರು ಸೋಸಿ ತಿನ್ನುತ್ತವೆ, ಬಿಡಿ. ನಕ್ಷತ್ರದ ತೋಳುಗಳು ಒಂದು ಉದ್ದ, ಒಂದು ಗಿಡ್ಡ ಇದ್ದರೆ ಅದು ಆಸ್ಟರಿನಾ. ತನ್ನನ್ನೇ ಎರಡಾಗಿ ಸೀಳಿಕೊಂಡು ಹೆಚ್ಚುವುದರಿಂದ ತೋಳುಗಳು ಹಾಗಿರುತ್ತವೆ. ಹೆಚ್ಚಿನವು ಗಾಜಿನ ಪಾಚಿ ತಿಂದುಕೊಂಡಿರುತ್ತವೆ. ಪದೇ ಪದೇ ಜೋವಾ ಮೇಲೆಯೇ ಕೂತು, ಅದರ ಕೆಳಗಿನ ಪಾಲಿಪ್‌ಗಳು (ಹವಳದ ಒಂದೊಂದು ಪುಟ್ಟ ಜೀವಿ) ಮುಚ್ಚಿಕೊಂಡಿದ್ದರೆ ಮಾತ್ರ ತೆಗೆಯಿರಿ.

ಕೂದಲಿನ ಹುಳುವಿನ ಬಗ್ಗೆ ಅನ್ಯಾಯದ ತೀರ್ಪು ಬಹಳ ನಡೆಯುತ್ತದೆ. ಸತ್ತ ಹವಳದ ಮೇಲೆ ಬ್ರಿಸಲ್ ವರ್ಮ್ ಕಂಡ ಕೂಡಲೇ ಅದೇ ಕೊಂದಿತು ಅಂತಾರೆ. ಸಾಮಾನ್ಯವಾಗಿ ಅದು ಸತ್ತದ್ದನ್ನು, ಉಳಿದ ಆಹಾರವನ್ನು ತಿಂದು ಟ್ಯಾಂಕನ್ನು ಚೊಕ್ಕಟವಾಗಿಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಮುಳ್ಳು ಚುಚ್ಚುತ್ತದೆ. ಹೆಸರು ಹುಡುಕುವ ಮೊದಲು, ಅದು ಏನು ಮಾಡುತ್ತಿದೆ ಅಂತ ನೋಡಿ. ಲೈಟ್ ಆರಿ ಒಂದೆರಡು ಗಂಟೆ ಆದ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿ. ಇಂಥ ಎಷ್ಟೋ ಜೀವಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ. ತಲೆಯ ಮೇಲೆ ಐದು ಮೀಸೆ ಇರುವ, ಮೈ ಮಿನುಗುವ ದಪ್ಪ ಹುಳು ಕಂಡರೆ ಮಾತ್ರ ಎಚ್ಚರ, ಅದು ಯೂನಿಸ್ ಜಾತಿಯದು. ಇಂಗ್ಲೆಂಡಿನ ನ್ಯೂಕೀ ಅಕ್ವೇರಿಯಂನಲ್ಲಿ ಮೀನಿಗೆ ಗಾಯ, ಹವಳ ತುಂಡು ತುಂಡು ಆಗುತ್ತಿತ್ತು. 2009ರಲ್ಲಿ ಕಲ್ಲುಗಳನ್ನೆಲ್ಲ ತೆಗೆದಾಗ ನಾಲ್ಕು ಅಡಿ ಉದ್ದದ ಇಂಥ ಹುಳು ಸಿಕ್ಕಿತು.

ನೀವು ಕೇಳದ ಒಂದು ವಿಷಯ ಇದೆ. ಮಾಂಟಿಪೋರಾವನ್ನು ತಿರುಗಿಸಿ ಕೆಳಭಾಗ ನೋಡಿದ್ದೀರಾ? ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತಿದ್ದರೆ, ಕೆಲವೇ ಮಿಲಿಮೀಟರ್ ಉದ್ದದ, ಮೈಮೇಲೆ ಗರಿಯಂಥ ಎಳೆಗಳಿರುವ ಬಿಳಿ ನ್ಯೂಡಿಬ್ರಾಂಕ್ ಅಲ್ಲಿರಬಹುದು. ಡಿಪ್‌ನಲ್ಲಿ (ಹವಳವನ್ನು ಔಷಧಿ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದುವುದು) ಆ ನ್ಯೂಡಿಬ್ರಾಂಕ್ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆ ಕೆರೆದು ತೆಗೆದು, ತುಂಡನ್ನು ಬೇರೆ ಟ್ಯಾಂಕಿನಲ್ಲಿಟ್ಟು, ವಾರಕ್ಕೊಮ್ಮೆಯಂತೆ ಕೆಲವು ವಾರ ಡಿಪ್ ಮಾಡಲೇಬೇಕು. ಜೋವಾ ತಿನ್ನುವ ನ್ಯೂಡಿಬ್ರಾಂಕ್ ಇನ್ನೂ ಕಷ್ಟ, ತಿಂದ ಪಾಲಿಪ್‌ನ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತದೆ.

ಜೋವಾ ಇರುವ ಕಲ್ಲನ್ನು ಕುದಿಸಬೇಡಿ, ಬಿಸಿನೀರಲ್ಲಿ ಉಜ್ಜಬೇಡಿ. ಆ ಜಾತಿಯ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಆವಿ ಉಸಿರಾಡಿ ಇಡೀ ಮನೆಯವರೇ ಆಸ್ಪತ್ರೆ ಸೇರಿದ್ದುಂಟು. ಗ್ಲೌಸ್, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಸಮುದ್ರದಿಂದ ತೆಗೆಯುವುದು, ಮಾರುವುದು ಅಪರಾಧ.

ಮಾಂಟಿಪೋರಾದ ಕೆಳಭಾಗದ ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಬಿಳಿ ಲೈಟಿನಲ್ಲಿ ತೆಗೆಯಿರಿ, ನೀಲಿ ಬೆಳಕಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ.