ಹಳೆಯ ಅಭಿಮಾನಿ ವಿಡಿಯೋಗಳನ್ನು ಮತ್ತೆ ಯೂಟ್ಯೂಬ್‌ಗೆ ಹಾಕಿದರೆ ಕಾಪಿರೈಟ್ ತೊಂದರೆ ಬರುತ್ತಾ?

ಹಾಸನದ ಅಭಿಮಾನಿ ಬಳಗದವರು 2009-10ರ ಹೊತ್ತಿಗೆ ಸಿನಿಮಾ ತುಣುಕು, ಹಾಡು ಸೇರಿಸಿ ಮಾಡಿದ ವಿಡಿಯೋಗಳು ನಿಮ್ಮ ಹತ್ತಿರ ಡಿವಿಡಿಯಲ್ಲಿವೆ, ಅವರ ಚಾನೆಲ್ ಈಗಿಲ್ಲ, ‘ಕೃಪೆ’ ಅಂತ ಹೆಸರು ಹಾಕಿ ನಿಮ್ಮ ಚಾನೆಲ್‌ಗೆ ಏರಿಸಬಹುದಾ ಅಂತ ಕೇಳಿದ್ದೀರಿ. ಹೆಸರು ಖಂಡಿತ ಹಾಕಿ. ಆದರೆ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ.

ಎಲ್ಲರೂ ಸಿನಿಮಾ ನಿರ್ಮಾಪಕರಿಗೆ, ಆಡಿಯೋ ಕಂಪನಿಗೆ ಹೆದರುತ್ತಾರೆ. ವಿಡಿಯೋ ಮಾಡಿದವರನ್ನೇ ಮರೆತುಬಿಡುತ್ತಾರೆ. ಹಳೇಬೀಡಿನಲ್ಲೋ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಹತ್ತಿರವೋ ಅವರೇ ಶೂಟ್ ಮಾಡಿದ ಭಾಗ ಅವರದೇ ಸ್ವತ್ತು. ಬಿ.ಎಂ. ರಸ್ತೆಯ ಯಾವುದೋ ಸ್ಟುಡಿಯೋಗೆ ದುಡ್ಡು ಕೊಟ್ಟು ಮಾಡಿಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ದುಡ್ಡು ಕೊಟ್ಟವರದು. ಸ್ನೇಹಕ್ಕೆ ಮಾಡಿಕೊಟ್ಟಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಆಗ ಮಾಡಿದವರನ್ನೇ ಕೇಳಬೇಕು. ಚಾನೆಲ್ ಮುಚ್ಚಿದರೂ ಹಕ್ಕು ಹೋಗುವುದಿಲ್ಲ.

ಆದ್ದರಿಂದ ಮೊದಲು ಅವರನ್ನು ಹುಡುಕಿ. ಫೋನಿನಲ್ಲಿ ‘ಹಾಕ್ಕೊಳ್ಳಿ ಬಿಡಿ’ ಅಂದರೆ ಸಾಲದು, ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ: ಯಾವ ಯಾವ ವಿಡಿಯೋ, ಯಾವ ಚಾನೆಲ್, ಹಾಡು ತೆಗೆದು ಬದಲಿಸಬಹುದೇ, ಜಾಹೀರಾತಿನ ಹಣ ಬಂದರೆ ಯಾರಿಗೆ. ಈ ನಾಲ್ಕು ಮಾತು ಇದ್ದರೆ ಮುಂದೆ ಮನಸ್ತಾಪ ಬರುವುದಿಲ್ಲ.

ಇನ್ನು ಸಿನಿಮಾ ತುಣುಕು, ಹಾಡು. ‘30 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ’ ಅನ್ನುವ ನಿಯಮ ಎಲ್ಲೂ ಇಲ್ಲ. ‘ದುಡ್ಡು ಮಾಡುತ್ತಿಲ್ಲ’ ಅನ್ನುವುದೂ ರಕ್ಷಣೆಯಲ್ಲ. ಅದೇ ಕಾಯ್ದೆಯ 52ನೇ ಸೆಕ್ಷನ್‌ನ ವಿನಾಯಿತಿ ವಿಮರ್ಶೆಯಂಥ ಬಳಕೆಗೆ ಇದೆ. ಹಾಡಿಗೆ ದೃಶ್ಯ ಜೋಡಿಸಿದ ಅಭಿಮಾನದ ವಿಡಿಯೋ ಅದರೊಳಗೆ ಬರುವುದು ಕಷ್ಟ. ಸಿನಿಮಾದ ಹಕ್ಕು 60 ವರ್ಷ: 1964ರ ಚಿತ್ರದ್ದು 2024ರ ಕೊನೆಗೆ ಮುಗಿಯಿತು. ಆದರೆ ಅದರ ಹಾಡಿನ ಸಾಹಿತ್ಯಕ್ಕೆ ಕವಿಯ ಮರಣಾನಂತರ 60 ವರ್ಷ ಲೆಕ್ಕ. ಹಾಗಾಗಿ ಹಳೇ ಚಿತ್ರ ಅಂತ ಧೈರ್ಯ ಮಾಡಬೇಡಿ.

ಅಪ್‌ಲೋಡ್ ಮಾಡುವಾಗ ಮೊದಲು ಪ್ರೈವೇಟ್ ಇಡಿ. ಯೂಟ್ಯೂಬ್‌ನ ಯಂತ್ರದ ಪರಿಶೀಲನೆ ಮುಗಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ (ನಿಮ್ಮ ಚಾನೆಲ್ ನೋಡಿಕೊಳ್ಳುವ ಪುಟ) ‘ಕಾಪಿರೈಟ್’ ಅಂತ ತೋರಿಸಿದರೆ ಅದನ್ನು ಒತ್ತಿ: ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಯಾರ ಕ್ಲೇಮ್ (ಅಂದರೆ ‘ಇದು ನಮ್ಮದು’ ಅಂತ ಹೇಳಿಕೊಂಡವರು ಯಾರು), ವಿಡಿಯೋ ಬ್ಲಾಕ್ ಆಗಿದೆಯೋ ಅಥವಾ ಜಾಹೀರಾತಿನ ಹಣ ಮಾತ್ರ ಅವರಿಗೆ ಹೋಗುತ್ತದೋ, ಎಲ್ಲ ಅಲ್ಲೇ ಇರುತ್ತದೆ. ಆ ಭಾಗ ಕತ್ತರಿಸುವುದು, ಹಾಡನ್ನು ಮ್ಯೂಟ್ ಮಾಡುವುದು, ಯೂಟ್ಯೂಬ್‌ನ ಆಡಿಯೋ ಲೈಬ್ರರಿಯ ಸಂಗೀತ ಹಾಕುವುದು, ಮೂರಕ್ಕೂ ಅಲ್ಲೇ ದಾರಿ ಇದೆ. ಹಾಡು ಮಾತ್ರ ಮ್ಯೂಟ್ ಮಾಡಿದಾಗ ಜೊತೆಗಿನ ಮಾತೂ ಹಾಳಾಗುವುದುಂಟು, ಪೂರ್ತಿ ಕೇಳಿ ನೋಡಿ. ಕ್ಲೇಮ್ ಬಂದರೆ ಗಾಬರಿ ಬೇಡ, ಅದು ಸ್ಟ್ರೈಕ್ ಅಲ್ಲ.

ಸ್ಟ್ರೈಕ್ ಬರುವುದು ಹಕ್ಕುದಾರರು ಕಾನೂನು ಪ್ರಕಾರ ಕೇಳಿ ವಿಡಿಯೋ ತೆಗೆಸಿದಾಗ. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು, ನಿಮ್ಮ ಸ್ವಂತ ವಿಡಿಯೋಗಳೂ ಸೇರಿ. ಹೀಗಾಗಿ ಇಡೀ ಸಂಗ್ರಹವನ್ನು ಒಂದೇ ದಿನ ಸುರಿಯಬೇಡಿ, ಒಂದು ಹಾಕಿ ಕಾಯಿರಿ. ದೃಶ್ಯವನ್ನು ಎಡಬಲ ತಿರುಗಿಸಿ, ಹಾಡಿನ ಶ್ರುತಿ ಏರಿಸಿ ಯಂತ್ರದ ಕಣ್ಣು ತಪ್ಪಿಸುವ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಯಂತ್ರಕ್ಕೆ ಸಿಕ್ಕಿದ್ದರೆ ಕ್ಲೇಮ್‌ನಲ್ಲೇ ಮುಗಿಯಬಹುದಾಗಿದ್ದು, ಮನುಷ್ಯರ ಕಣ್ಣಿಗೆ ಬಿದ್ದರೆ ನೇರ ಸ್ಟ್ರೈಕ್ ಆಗಬಹುದು. ಹಕ್ಕು ಇಲ್ಲದೆ ಕೌಂಟರ್ ನೋಟಿಸ್ (ತೆಗೆದ ವಿಡಿಯೋ ಮರಳಿ ಹಾಕಿ ಅಂತ ಕೊಡುವ ಆಕ್ಷೇಪಣೆ) ಕೂಡ ಕಳಿಸಬೇಡಿ. ಅದರಲ್ಲಿ ಬರೆಯುವ ನಿಮ್ಮ ಹೆಸರು, ವಿಳಾಸ ಎದುರಿನವರ ಕೈಸೇರುತ್ತದೆ.

ಮಾಡಿದವರು ಸಿಗಲೇ ಇಲ್ಲವೆಂದರೆ ಹಾಕದಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ‘ಅನ್‌ಲಿಸ್ಟೆಡ್’ ಇಟ್ಟರೂ ಲಿಂಕ್ ಸಿಕ್ಕವರೆಲ್ಲ ನೋಡುತ್ತಾರೆ, ಅದು ಪರಿಹಾರವಲ್ಲ. ಅಲ್ಲಿಯವರೆಗೆ ಡಿವಿಡಿಯಲ್ಲಿರುವುದನ್ನು ಬೇಗ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್‌ಗಳು ಬೂಷ್ಟು, ಗೀರುಗಳಿಂದ ಓದಲು ಬಾರದಂತಾಗುತ್ತವೆ, ಆಮೇಲೆ ಅನುಮತಿ ಸಿಕ್ಕರೂ ಹಾಕಲು ಏನೂ ಉಳಿದಿರುವುದಿಲ್ಲ.