ಬೋಪಣ್ಣ ದ್ರೋಹಿಯೇ?

ಕೊಡಗಿನ ಕೊನೆಯ ರಾಜನ ಕತೆ ಹೇಳುವ ಮಾಸ್ತಿಯವರ ಕಾದಂಬರಿ 'ಚಿಕವೀರ ರಾಜೇಂದ್ರ' ಓದಿ, ಅವನ ಮಂತ್ರಿ ಬೋಪಣ್ಣ ದ್ರೋಹಿ ಹೌದೋ ಅಲ್ಲವೋ ಅಂತ ನಿಮ್ಮ ಓದುಗರ ಬಳಗದಲ್ಲಿ ಜಗಳವೇ ಆಯಿತು ಅಂದಿರಲ್ಲ, ನಮ್ಮಲ್ಲೂ ಅದೇ ಕತೆ! ಮೊದಲ ಅರ್ಧ ಗಂಟೆ ಎಲ್ಲರೂ ರಾಜನನ್ನೇ ಬೈದೆವು. ತಂಗಿಯ ಕೂಸನ್ನು ಕೊಂದವನ ಪರ ಯಾರು ನಿಲ್ಲುತ್ತಾರೆ? ಆಮೇಲೆ ಕೊಡಗಿನ ಗೆಳತಿಯೊಬ್ಬರು, "ಸರಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಮಡಿಕೇರಿಗೆ ಬಿಟ್ಟುಕೊಂಡದ್ದು ಯಾರು?" ಅಂದರು. ಅದು ಬೋಪಣ್ಣನೇ; ಯಾರ ಬಾಯಿಂದಲೂ ಮಾತಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾದದ್ದು ರಾಜನೊಬ್ಬನಿಂದಲ್ಲ ಅಲ್ವಾ. ನನಗಂತೂ ಬೋಪಣ್ಣ ದ್ರೋಹಿ ಅನ್ನಿಸಲಿಲ್ಲ, ಬೇರೆ ದಾರಿ ಕಾಣದವನು ಅಷ್ಟೆ. ಗೆಳತಿ ಇನ್ನೂ ಒಪ್ಪಿಲ್ಲ. ಅದಿರಲಿ, ರಾಜನ ಬಂಟ ಕುಂಟ ಬಸವನ ಬಗ್ಗೆ ಜಾಸ್ತಿ ಮಾತಾಡಿ. ಅಷ್ಟು ಕೆಟ್ಟವನು, ಆದರೂ ರಾಜನ ಮೇಲೆ ನಿಜವಾದ ಪ್ರೀತಿ ಇದ್ದದ್ದು ಅವನಿಗೇ. ಮುಂದಿನ ಸಲ ಚರ್ಚೆಯನ್ನು ಅವನಿಂದಲೇ ಶುರು ಮಾಡಿ ನೋಡಿ.