ರಿಚ್ಮಂಡಿನ ಲಿಪಿಡ್ ಲ್ಯಾಬಿಗೆ ಹೊರಟವರಿಗೆ

ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಪ್ರೋಟೀನ್ ಮೇಲೆ ಪಿಎಚ್‌ಡಿ ಮುಗಿದಿದೆ, ವರ್ಜೀನಿಯಾದ ರಿಚ್ಮಂಡಿನಲ್ಲಿ ಸ್ಫಿಂಗೋಲಿಪಿಡ್ (ಜೀವಕೋಶದ ಪೊರೆಯ ಒಂದು ಬಗೆಯ ಕೊಬ್ಬು) ಲ್ಯಾಬೊಂದರಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ, ಸಿಕ್ಕಿದೆ, ಕೆಲಸ ಹೇಗಿರುತ್ತದೆ, ಕೈಯಲ್ಲಿ ಎಷ್ಟು ಉಳಿಯುತ್ತದೆ, ವಿನಿಮಯ ಸಂಶೋಧಕರಿಗೆ ಕೊಡುವ ಜೆ-1 ವೀಸಾ ಸಾಕೇ? ಚಳಿ, ಊಟ, ಒಂಟಿತನದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮೊದಲ ವರ್ಷ ಕೈಕೊಡುವುದು ಹೆಚ್ಚಾಗಿ ಲ್ಯಾಬಿನ ಬೆಂಚಿನಲ್ಲಿ ಮತ್ತು ಕಾಗದಪತ್ರದಲ್ಲಿ. ಹಾಗಾಗಿ ಆ ಎರಡನ್ನೇ ಹೇಳುತ್ತೇನೆ.

ಊರಿನ ಆಯ್ಕೆ ಚೆನ್ನಾಗಿದೆ. ಸ್ಫಿಂಗೋಸಿನ್-1-ಫಾಸ್ಫೇಟ್, ಅಂದರೆ ಲ್ಯಾಬಿನವರ ಬಾಯಲ್ಲಿ ಎಸ್1ಪಿ, ಬರೀ ಪೊರೆಯ ಕೊಬ್ಬಿನ ಚೂರಲ್ಲ, ಜೀವಕೋಶಕ್ಕೆ ಸಂದೇಶ ಒಯ್ಯುವ ಅಣು ಎಂದು 1990ರ ದಶಕದ ಮೊದಲಲ್ಲಿ ತೋರಿಸಿದವರಲ್ಲಿ ಸಾರಾ ಸ್ಪೀಗಲ್ ಪ್ರಮುಖರು. ಆಗ ಅವರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದರು, ಆಮೇಲೆ ರಿಚ್ಮಂಡಿನ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯಕ್ಕೆ ಬಂದರು. ಅದೇ ಕುಟುಂಬದ ಇನ್ನೊಂದು ಲಿಪಿಡ್ಡಾದ ಸೆರಮೈಡ್ ಹೆಚ್ಚಿದರೆ ಕೋಶ ಸಾವಿನ ಕಡೆ ವಾಲುತ್ತದೆ, ಎಸ್1ಪಿ ಹೆಚ್ಚಿದರೆ ಬದುಕಿನ ಕಡೆ ಎಂಬ ತಕ್ಕಡಿಯ ಕಲ್ಪನೆ 1996ರದು. ಈಗ ಅದನ್ನು ಯಾರೂ ಅಷ್ಟು ಸರಳವಾಗಿ ನಂಬುವುದಿಲ್ಲ. ಎಸ್1ಪಿ ತಯಾರಿಸುವ ಸ್ಫಿಂಗೋಸಿನ್ ಕೈನೇಸ್ 1 ಎಂಬ ಕಿಣ್ವವನ್ನು ಬಲವಾಗಿ ತಡೆಯುವ ಪಿಎಫ್-543 ಎಂಬ ಅಣು 2012ರಲ್ಲಿ ಬಂತು. ಅದನ್ನು ಕೊಟ್ಟ ಕ್ಯಾನ್ಸರ್ ಕೋಶಗಳಲ್ಲಿ ಎಸ್1ಪಿ ಕುಸಿಯಿತು, ಕೋಶಗಳು ಮಾತ್ರ ಬೆಳೆಯುತ್ತಲೇ ಹೋದವು. ಲ್ಯಾಬಿನಲ್ಲಿ ಯಾರಾದರೂ ಈ ಜಗಳದ ಬಗ್ಗೆ ಕೇಳಿದರೆ ಎರಡೂ ಕಡೆ ಗೊತ್ತಿರಲಿ.

ಕಾಯಿಲೆಯ ಕಡೆಗೆ ಬಂದರೆ, ಈ ಕ್ಷೇತ್ರದ ದೊಡ್ಡ ಗೆಲುವು ಫಿಂಗೋಲಿಮಾಡ್. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಪಡೆದ ಮಾತ್ರೆ, ಮೂಲ ಒಂದು ಶಿಲೀಂಧ್ರದ ಮೈರಿಯೋಸಿನ್. ದೇಹದಲ್ಲಿ ಕೈನೇಸ್ 2 ಅದಕ್ಕೆ ಫಾಸ್ಫೇಟ್ ಅಂಟಿಸಿದ ಮೇಲೆಯೇ ಅದು ಕೆಲಸ ಮಾಡುವುದು. ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳ ಮೇಲಿನ ಎಸ್1ಪಿ ಗ್ರಾಹಕ ಒಳಗೆ ಸರಿದು, ಅವು ದುಗ್ಧಗ್ರಂಥಿಯಿಂದ ಹೊರಬರುವ ದಾರಿ ಕಳೆದುಕೊಳ್ಳುತ್ತವೆ. ಅದೇ ಕುಟುಂಬದ ಗ್ರಾಹಕಗಳು ಹೃದಯದಲ್ಲೂ ಇರುವುದರಿಂದ ಮೊದಲ ಡೋಸಿಗೆ ನಾಡಿ ನಿಧಾನವಾಗುತ್ತದೆ. ರೋಗಿಯನ್ನು ಆರು ಗಂಟೆ ಕೂರಿಸಿ ನೋಡುವುದು ಅದಕ್ಕೇ.

ಇನ್ನು ಬೆಂಚು. ಪ್ರೋಟೀನಿನವರು ಇಲ್ಲಿ ಮೊದಲು ಎಡವುವುದು ಪ್ಲಾಸ್ಟಿಕ್ಕಿನಲ್ಲಿ. ಕ್ಲೋರೋಫಾರ್ಮ್ ಮುಟ್ಟಿದ ಪ್ಲಾಸ್ಟಿಕ್ ಟ್ಯೂಬು ತನ್ನ ರಾಸಾಯನಿಕಗಳನ್ನು ಬಿಡುತ್ತದೆ, ಅವು ಮಾಸ್ ಸ್ಪೆಕ್‌ನಲ್ಲಿ (ಅಣುಗಳ ತೂಕ ಅಳೆಯುವ ಯಂತ್ರ) ನಿಮ್ಮ ಸಿಗ್ನಲ್ಲನ್ನು ಮುಚ್ಚಿಹಾಕುತ್ತವೆ. ಗಾಜಿನ ಟ್ಯೂಬು, ಟೆಫ್ಲಾನ್ ಒಳಪದರದ ಮುಚ್ಚಳ, ಗಾಜಿನ ಸಿರಿಂಜು, ಇಷ್ಟು ಕಡ್ಡಾಯ. ಸಾರತೆಗೆಯುವ ಕ್ರಮ ಇವತ್ತಿಗೂ 1959ರ ಬ್ಲೈ ಮತ್ತು ಡಯರ್ ಅವರದ್ದೇ. ಕ್ಲೋರೋಫಾರ್ಮ್, ಮೆಥನಾಲ್, ನೀರು 1:2:0.8ರ ಪ್ರಮಾಣದಲ್ಲಿ ಸೇರಿಸಿದರೆ ಒಂದೇ ದ್ರವವಾಗಿ ನಿಲ್ಲುತ್ತದೆ (ನೀರಿನ ಲೆಕ್ಕದಲ್ಲಿ ನಿಮ್ಮ ಸ್ಯಾಂಪಲ್ಲಿನ ನೀರೂ ಸೇರಿದೆ, ಇದನ್ನು ಮರೆಯುವವರೇ ಹೆಚ್ಚು). ಆಮೇಲೆ ಇನ್ನೊಂದು ಪಾಲು ಕ್ಲೋರೋಫಾರ್ಮ್, ಒಂದು ಪಾಲು ನೀರು ಹಾಕಿದಾಗ ಅದು 2:2:1.8 ಆಗಿ ಎರಡು ಪದರ ಒಡೆಯುತ್ತದೆ. ಕೆಳಗಿನ ಪದರದಲ್ಲಿ ಲಿಪಿಡ್ಡುಗಳಿರುತ್ತವೆ. ಎಸ್1ಪಿ ಮಾತ್ರ ಹಾಗೆ ಸುಮ್ಮನೆ ಬರುವುದಿಲ್ಲ. ಅದರ ಫಾಸ್ಫೇಟಿಗೆ ಋಣ ವಿದ್ಯುದಾವೇಶ ಇರುವುದರಿಂದ ಮಾಧ್ಯಮ ಕ್ಷಾರೀಯವಾದರೆ ಮೇಲಿನ ಪದರಕ್ಕೆ ಹೋಗಿಬಿಡುತ್ತದೆ, ಆಮ್ಲೀಯ ಮಾಡಿದರೆ ಕೆಳಗಿಳಿಯುತ್ತದೆ. ಮೇಲಿನ ಪದರವನ್ನು ಸಿಂಕಿಗೆ ಸುರಿದು 'ನಮ್ಮ ಕೋಶದಲ್ಲಿ ಎಸ್1ಪಿ ಇಲ್ಲ' ಎಂದು ಬರೆಯುವ ತಪ್ಪು ಇದರಿಂದಲೇ ಆಗುವುದು. ಸಿಂಕಿಗೆ ಸುರಿಯುವುದೂ ತಪ್ಪೇ: ಕ್ಲೋರಿನ್ ಇರುವ ದ್ರಾವಕದ ತ್ಯಾಜ್ಯಕ್ಕೆ ಬೇರೆ ಬಾಟಲಿ, ಮಿಕ್ಕ ದ್ರಾವಕಗಳಿಗೆ ಬೇರೆ. ಸುರಕ್ಷತೆಯ ತರಬೇತಿ ಮುಗಿಯದೆ ದ್ರಾವಕದ ಆವಿ ಹೊರಹಾಕುವ ಹುಡ್ ಮುಟ್ಟಲು ಬಿಡುವುದಿಲ್ಲ, ಮೊದಲ ವಾರದಲ್ಲೇ ಮುಗಿಸಿಕೊಳ್ಳಿ.

ಇಂಟರ್ನಲ್ ಸ್ಟ್ಯಾಂಡರ್ಡನ್ನು, ಅಂದರೆ ಹೋಲಿಕೆಗೆಂದು ಅಳೆದು ಹಾಕುವ ಅಣುವನ್ನು, ದ್ರಾವಕ ಹಾಕುವ ಮೊದಲೇ ಸೇರಿಸಬೇಕು. ಆಮೇಲೆ ಹಾಕಿದರೆ ದಾರಿಯಲ್ಲಿ ಸೋರಿಹೋದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ನಮ್ಮ ಮೈಯ ಎಸ್1ಪಿ ಅಣುವಿನ ಉದ್ದ ಸರಪಳಿಯಲ್ಲಿ ಮುಖ್ಯವಾಗಿ 18 ಕಾರ್ಬನ್. ಸ್ಟ್ಯಾಂಡರ್ಡಿಗೆ 17 ಕಾರ್ಬನ್ನಿನದು ಬಳಸುತ್ತಾರೆ. ಮಾಸ್ ಸ್ಪೆಕ್‌ನಲ್ಲಿ ಅಣುವಿನ ತೂಕದಿಂದ ಅದರ ಚೂರಿನ ತೂಕಕ್ಕೆ, ಮೊದಲನೆಯದು 380ರಿಂದ 264, ಎರಡನೆಯದು 366ರಿಂದ 250. ಎಸ್1ಪಿ ಕಾಲಮ್ಮಿನಲ್ಲಿ, ಲೋಹದ ಕೊಳವೆಗಳಲ್ಲಿ ಅಂಟಿಕೊಂಡು ಮುಂದಿನ ಸ್ಯಾಂಪಲ್ಲಿಗೂ ಬಾಲ ಬಿಡುತ್ತದೆ. ನಡುನಡುವೆ ಸ್ಯಾಂಪಲ್ಲಿಲ್ಲದ ಖಾಲಿ ಇಂಜೆಕ್ಷನ್ ಕೊಡದೆ ಬಂದ ಡೇಟಾವನ್ನು ನಂಬಬೇಡಿ.

ರಕ್ತದ ಸ್ಯಾಂಪಲ್ಲಾದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಮ್ ಬೇಡ, ಹೆಪ್ಪುಗಟ್ಟಲು ಬಿಡದೆ ತೆಗೆದ ಪ್ಲಾಸ್ಮಾ ತೆಗೆದುಕೊಳ್ಳಿ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್ಲೆಟ್‌ಗಳು ತಮ್ಮಲ್ಲಿದ್ದ ಎಸ್1ಪಿ ಹೊರಬಿಡುತ್ತವೆ. ಪ್ಲಾಸ್ಮಾ ಕೆಂಪಾಗಿದ್ದರೆ ಅದೂ ಬೇಡ, ಕೆಂಪು ಕಣಗಳು ಎಸ್1ಪಿಯ ಉಗ್ರಾಣ. ಕೋಶಗಳಿಗೆ ಎಸ್1ಪಿ ಕೊಡುವಾಗಲೂ ಇದೇ ಎಚ್ಚರ: ಕೋಶ ಬೆಳೆಸುವ ಮಾಧ್ಯಮಕ್ಕೆ ಹಾಕುವ ಸೀರಮ್ಮಿನಲ್ಲೇ ಅದಿರುತ್ತದೆ, ಆದ್ದರಿಂದ ಇದ್ದಿಲಿನಿಂದ ಶುದ್ಧಿ ಮಾಡಿದ ಸೀರಮ್ ಬಳಸಿ. ಎಸ್1ಪಿ ನೀರಿನಲ್ಲಿ ಕರಗುವುದಿಲ್ಲ. ಬಿಸಿ ಮೆಥನಾಲಿನಲ್ಲಿ ಕರಗಿಸಿ, ನೈಟ್ರೋಜನ್ ಹಾಯಿಸಿ ಒಣಗಿಸಿ, ಕೊಬ್ಬಿನಾಮ್ಲ ತೆಗೆದ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ದ್ರಾವಣದಲ್ಲಿ (ಮಿಲಿಲೀಟರಿಗೆ 4 ಮಿಲಿಗ್ರಾಂ) 37 ಡಿಗ್ರಿಯಲ್ಲಿ ಕರಗಿಸಿಕೊಳ್ಳಬೇಕು. ಕಂಟ್ರೋಲಿಗೆ ಅದೇ ಅಲ್ಬುಮಿನ್, ಬರೀ ಮಾಧ್ಯಮ ಅಲ್ಲ. ಇಷ್ಟು ಮೊದಲ ಮೂರು ತಿಂಗಳಲ್ಲಿ ಸ್ವಂತ ಕೈಯಲ್ಲಿ ಬಂದರೆ ಮಿಕ್ಕದ್ದು ತಾನಾಗಿ ಸಾಗುತ್ತದೆ.

ಸಂಬಳಕ್ಕೆ ಹೆಚ್ಚಿನ ಲ್ಯಾಬುಗಳು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ದರವನ್ನು ನೋಡುತ್ತವೆ. 2024ರ ಪಟ್ಟಿಯಲ್ಲಿ ಅನುಭವವಿಲ್ಲದ ಪೋಸ್ಟ್‌ಡಾಕ್‌ಗೆ ವರ್ಷಕ್ಕೆ 61,008 ಡಾಲರ್, ಅಂದರೆ ಕಡಿತಕ್ಕೆ ಮುಂಚೆ ತಿಂಗಳಿಗೆ 5,084 ಇತ್ತು. ಆಫರ್ ಲೆಟರಿನಲ್ಲಿ ನಿಮ್ಮನ್ನು ಎಂಪ್ಲಾಯಿ ಎಂದಿದೆಯೋ ಫೆಲೋ ಎಂದಿದೆಯೋ ನೋಡಿ. ವಿಮೆ, ಪಿಂಚಣಿ, ತೆರಿಗೆ ಎಲ್ಲ ಆ ಒಂದು ಪದದ ಮೇಲೆ ಬದಲಾಗುತ್ತವೆ. ವರ್ಜೀನಿಯಾದಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಬೆಂಗಳೂರಿನಂತೆ ಹತ್ತು ತಿಂಗಳಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ತೆರಿಗೆಯದು. ಭಾರತ-ಅಮೆರಿಕ ಒಪ್ಪಂದದ 22ನೇ ವಿಧಿಯಂತೆ ಸಂಶೋಧಕರಿಗೆ ಎರಡು ವರ್ಷ ಫೆಡರಲ್ ಆದಾಯ ತೆರಿಗೆ ವಿನಾಯಿತಿ ಇದೆ. ಮೊದಲ ದಿನವೇ ಎಚ್‌ಆರ್‌ನವರು ಆ ವಿನಾಯಿತಿ ಕೇಳುವ ಫಾರ್ಮ್ 8233 ಮುಂದಿಡುತ್ತಾರೆ, ಖುಷಿಯಿಂದ ಸಹಿ ಬೀಳುತ್ತದೆ. ಆದರೆ ಇಲ್ಲಿನ ವಾಸ ಎರಡು ವರ್ಷ ದಾಟಿದರೆ ವಿನಾಯಿತಿ ಮೊದಲ ದಿನದಿಂದಲೇ ರದ್ದು. ಹಿಂದಿನದ್ದೆಲ್ಲ ಬಡ್ಡಿ ಸಮೇತ ಕಟ್ಟಬೇಕು. ಲಿಪಿಡ್ ಲ್ಯಾಬಿನಲ್ಲಿ ಎರಡೇ ವರ್ಷಕ್ಕೆ ಪೇಪರ್ ಹೊರಬರುವುದು ಅಪರೂಪ, ಹಾಗಾಗಿ ನನ್ನ ಮಾತು ಕೇಳಿದರೆ ಆ ಫಾರ್ಮಿಗೆ ಸಹಿ ಬೇಡ. ಸೋಶಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿಗೆ, ಸಂಬಳದಿಂದ ಹಿಡಿಯುವ ಕಡಿತದ ವಿನಾಯಿತಿ ಬೇರೆ ವಿಷಯ. ಜೆ-1ನವರಿಗೆ ಅದು ಸಾಮಾನ್ಯವಾಗಿ ಎರಡು ಕ್ಯಾಲೆಂಡರ್ ವರ್ಷ, ಮತ್ತು ಡಿಸೆಂಬರಿನಲ್ಲಿ ಹತ್ತು ದಿನ ಇದ್ದರೂ ಒಂದು ವರ್ಷ ಲೆಕ್ಕಕ್ಕೆ ಹೋಗುತ್ತದೆ. ಸಾಧ್ಯವಿದ್ದರೆ ಜನವರಿಯಲ್ಲಿ ಬನ್ನಿ.

ಜೆ-1 ರಿಸರ್ಚ್ ಸ್ಕಾಲರ್ ಗರಿಷ್ಠ ಐದು ವರ್ಷ. ನಡುವೆ ಪ್ರೋಗ್ರಾಂ ಮುಗಿಸಿ ಹೊರಟರೆ 24 ತಿಂಗಳು ಅದೇ ವರ್ಗದಲ್ಲಿ ಮರಳುವಂತಿಲ್ಲ. ಎರಡು ವರ್ಷ ತಾಯ್ನಾಡಿಗೆ ಹಿಂತಿರುಗಬೇಕೆಂಬ ಷರತ್ತು ಇದಲ್ಲ, ಬೇರೆ. 2024ರ ಡಿಸೆಂಬರ್ 9ರಿಂದ ಭಾರತ ಆ ಷರತ್ತು ಅನ್ವಯಿಸುವ ದೇಶಗಳ ಪಟ್ಟಿಯಾದ ಸ್ಕಿಲ್ಸ್ ಲಿಸ್ಟಿನಿಂದ ಹೊರಗಿದೆ, ಆದರೆ ನಿಮ್ಮ ಖರ್ಚು ಸರ್ಕಾರಿ ವಿನಿಮಯ ನಿಧಿಯಿಂದ ಬಂದಿದ್ದರೆ ಆ ಷರತ್ತು ಉಳಿದೇ ಇರುತ್ತದೆ. ಪೋಸ್ಟ್‌ಡಾಕ್‌ಗಳಿಗೆ ಎನ್‌ಐಎಚ್ ಕೊಡುವ ಗ್ರಾಂಟುಗಳಲ್ಲಿ ಎಫ್32 ನಮಗೆ ಸಿಗದು, ಸ್ವಂತ ಲ್ಯಾಬಿನ ಕಡೆ ಸಾಗಲು ಕೊಡುವ ಕೆ99ಕ್ಕೆ ಪೌರತ್ವ ಬೇಕಿಲ್ಲ. ಅದಕ್ಕೆ ಪಿಎಚ್‌ಡಿ ನಂತರದ ಸಂಶೋಧನಾ ಅನುಭವ ನಾಲ್ಕು ವರ್ಷ ಮೀರಬಾರದೆಂಬ ಗಡಿ ಇದೆ, ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡಿದ್ದರೆ ಅದೂ ಸೇರುತ್ತದೆ.

ಮೊದಲ ತಿಂಗಳಿಗೆ ಕಾರು ಬೇಡ: 2020ರಿಂದ ಊರ ಬಸ್ಸಿಗೆ ಟಿಕೆಟ್ ಇಲ್ಲ, ಬ್ರಾಡ್ ಸ್ಟ್ರೀಟಿನ ಪಲ್ಸ್ ಬಸ್ಸು ಮೆಡಿಕಲ್ ಕ್ಯಾಂಪಸ್ಸಿನ ಹತ್ತಿರವೇ ನಿಲ್ಲುತ್ತದೆ. ಬೆಂಗಳೂರಿನ ಫ್ರೀಜರಿನಿಂದ ಪ್ಲಾಸ್ಮಿಡ್, ಸ್ಯಾಂಪಲ್ ಏನನ್ನೂ ಸೂಟ್‌ಕೇಸಿಗೆ ಹಾಕಬೇಡಿ. ಬೇಕಾದರೆ ಪಿಐ, ಅಂದರೆ ಲ್ಯಾಬಿನ ಮುಖ್ಯಸ್ಥರ ಮೂಲಕ, ಪರವಾನಗಿ ತೆಗೆದುಕೊಂಡು ಕೊರಿಯರ್ ಮಾಡಿಸಿ. ಒಪ್ಪಿಗೆ ಕಳಿಸುವ ಮೊದಲು ಇನ್ನೊಂದು ಮೇಲ್ ಹಾಕಿ ಕೇಳಿ: ಮಾಸ್ ಸ್ಪೆಕ್ ಲ್ಯಾಬಿನದೋ, ಎಲ್ಲ ಲ್ಯಾಬುಗಳೂ ಹಂಚಿಕೊಳ್ಳುವ ಕೋರ್‌ನದೋ, ಸ್ಯಾಂಪಲ್ಲಿಗೆ ಎಷ್ಟು, ಕಾಯುವ ಸಾಲು ಎಷ್ಟು ವಾರದ್ದು.